ಅಪ್‌ಡೇಟ್: ಅಪ್ಪ ಅಮ್ಮನಿಗೆ ಗೈಡ್ ಜೊತೆ ಒಂದು ದಿನದ ಮುಂಬೈ

ಧಾರವಾಡದಿಂದ ಬರುವ ಅಪ್ಪ ಅಮ್ಮನಿಗೆ ಒಂದೇ ದಿನದಲ್ಲಿ ಮುಂಬೈ ತೋರಿಸಬೇಕು, ಖಾಸಗಿ ಗೈಡ್ ಹೇಗೆ ಹಿಡಿಯುವುದು ಎಂದು ಕೇಳಿದ್ದೆನಲ್ಲ? ಸುತ್ತಾಟ ಮುಗಿಯಿತು, ಚೆನ್ನಾಗಿಯೇ ಆಯಿತು.

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು "ಭಾನುವಾರ ಬೆಳಿಗ್ಗೆ ಬೇಗ ಫೋರ್ಟ್ ಕಡೆ ಹೋಗಿ" ಎಂಬುದು. ಫೋರ್ಟ್ ಅಂದರೆ ದಕ್ಷಿಣ ಮುಂಬೈನ ಹಳೇ ಆಫೀಸುಗಳ ಪ್ರದೇಶ. ಅಂದು ಆಫೀಸುಗಳಿಗೆ ರಜೆ, ರಸ್ತೆ ಆರಾಮ. ಪ್ರವಾಸೋದ್ಯಮ ಸಚಿವಾಲಯದ ಗುರುತಿನ ಚೀಟಿ ಇರುವ ಗೈಡನ್ನೇ ಹಿಡಿದೆವು. ಕನ್ನಡದವರು ಸಿಗಲಿಲ್ಲ. ಅಪ್ಪನಿಗೆ ಮರಾಠಿ ಬರುತ್ತದೆ, ನಡೆಯಿತು.

ಎಲಿಫೆಂಟಾ ದ್ವೀಪದ ಗುಹೆಗಳನ್ನು ನೋಡಿ ಎಂಬ ಸಲಹೆ ಮಾತ್ರ ನಮಗೆ ಆಗಲಿಲ್ಲ. ದೋಣಿಯಲ್ಲಿ ಹೋಗಲೇ ಸುಮಾರು ಒಂದು ಗಂಟೆ, ಮೇಲೆ ನೂರಕ್ಕೂ ಜಾಸ್ತಿ ಮೆಟ್ಟಿಲು. ಅಮ್ಮನ ಮಂಡಿ ನೋಡಿ ಗೈಡೇ ಬೇಡ ಎಂದರು. ಹೋಗುವವರು ನೆನಪಿಡಿ, ಸೋಮವಾರ ಗುಹೆಗಳಿಗೆ ರಜೆ.

ಆಶ್ಚರ್ಯ ಆದದ್ದು ಓವಲ್ ಮೈದಾನದಲ್ಲಿ. ಚರ್ಚ್‌ಗೇಟ್ ಲೋಕಲ್ ಹಿಡಿಯಲು ಅದರ ಪಕ್ಕದಲ್ಲೇ ಓಡುತ್ತಿರುತ್ತೇನೆ. ಒಂದು ಬದಿಗೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲಾ 19ನೇ ಶತಮಾನದ ಗೋಥಿಕ್ ಶೈಲಿಯ (ಚೂಪು ಕಮಾನುಗಳ) ಕಟ್ಟಡಗಳು. ಎದುರು ಬದಿಗೆ 1930ರ ದಶಕದ ಆರ್ಟ್ ಡೆಕೋ ಶೈಲಿಯ (ದುಂಡು ಮೂಲೆ, ಸರಳ ಗೆರೆಗಳ) ಮನೆಗಳು. ಎರಡೂ ಸೇರಿ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಬಂದಿವೆ. ನಡುವೆ ಹುಡುಗರ ಕ್ರಿಕೆಟ್! ಅಪ್ಪ ಅಲ್ಲಿಂದ ಕದಲಲೇ ಇಲ್ಲ.

ಇಡೀ ದಿನಕ್ಕೆ ಕಾರು ಬೇಕಾ ಅಂದವರಿಗೆ: ಫೋರ್ಟ್‌ನಲ್ಲಿ ನಡಿಗೆಯೇ ಜಾಸ್ತಿ, ಕಾರು ಸುಮ್ನೆ ನಿಂತಿತ್ತು. ಬಾಣಗಂಗಾ ಕೆರೆಗೆ, ಆಮೇಲೆ ಮಾಟುಂಗಾದಲ್ಲಿ ಬಾಳೆಲೆ ಊಟಕ್ಕೆ ಹೋಗುವಾಗ ಉಪಯೋಗಕ್ಕೆ ಬಂತು ಅಷ್ಟೇ.