ರೂಗರ್ 10/22 ರೈಫಲ್‌ಗೆ 150 ಡಾಲರ್ ಒಳಗೆ ಯಾವ ಸ್ಕೋಪ್ ಕೊಳ್ಳಬಹುದು?

ಅಲೆಗೇನಿ ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನದ ಕಡೆ, ಈಗ ಇರುವುದು ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ. ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ಕ್ಲಬ್ಬಿಗೆ ಕರೆದೊಯ್ದು ಗುರಿಯಿಟ್ಟು ಹೊಡೆಯುವುದನ್ನು ಕಲಿಸಿದರು. ರುಚಿ ಹತ್ತಿತು. ಈಗ ನನ್ನದೇ ಒಂದು ರೂಗರ್ 10/22 ಕಾರ್ಬೈನ್ ಇದೆ, ಪಾಯಿಂಟ್ 22 ಲಾಂಗ್ ರೈಫಲ್ ತೋಟಾದ್ದು.

ವಯಸ್ಸು ನಲವತ್ತೈದು ದಾಟಿದೆ, ಕನ್ನಡಕವಿದೆ. ರೈಫಲ್ ಜೊತೆ ಬಂದ ಸೈಟ್‌ನಲ್ಲಿ ಹಿಂದಿನ ಕಚ್ಚು, ಮುಂದಿನ ಮಣಿ, ಗುರಿಯ ಕಾಗದ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಆದ್ದರಿಂದ ಸ್ಕೋಪ್ ಬೇಕು. ಬೇಟೆಯಾಡುವುದಿಲ್ಲ, ಕಾಗದದ ಗುರಿ ಮಾತ್ರ. ಕ್ಲಬ್ಬಿನಲ್ಲಿ 25, 50 ಮತ್ತು 100 ಗಜದ ಸಾಲುಗಳಿವೆ. ಹೆಚ್ಚಾಗಿ 50ರಲ್ಲೇ ಹೊಡೆಯುತ್ತೇನೆ.

ಅಂಗಡಿಯಲ್ಲಿ ಮೂರು ಸ್ಕೋಪ್ ನೋಡಿದೆ. ಒಂದು 4-16x50 (ಅಂದರೆ ನಾಲ್ಕರಿಂದ ಹದಿನಾರು ಪಟ್ಟು ದೊಡ್ಡದು ಮಾಡಿ ತೋರಿಸುವುದು, ಮುಂದಿನ ಮಸೂರ 50 ಮಿಲಿಮೀಟರ್), ತೊಂಬತ್ತು ಡಾಲರ್. ಕತ್ತಲಲ್ಲಿ ಹೊಳೆಯುವ ಕೆಂಪು ಹಸಿರು ದೀಪವೂ ಇದೆ. ಇನ್ನೊಂದು ವೋರ್ಟೆಕ್ಸ್ ಕ್ರಾಸ್‌ಫೈರ್ 2 ರಿಮ್‌ಫೈರ್ 2-7x32, ಅದಕ್ಕಿಂತ ದುಬಾರಿ. ಮೂರನೆಯದು ಮುಂಭಾಗದ ಬಳೆ ತಿರುಗಿಸಿ ದೂರ ಹೊಂದಿಸಿಕೊಳ್ಳುವ 3-9x40. ಕಡಿಮೆ ದೊಡ್ಡದು ಮಾಡಿ ತೋರಿಸುವ ಚಿಕ್ಕ ಸ್ಕೋಪಿಗೆ ಹೆಚ್ಚು ಬೆಲೆ ಏಕೆ? ಇದೇ ಸ್ಕೋಪನ್ನು ಮುಂದೆ ನನ್ನ ಸ್ಪ್ರಿಂಗ್ ಏರ್‌ಗನ್ ಮೇಲೂ ಕೂರಿಸಬಹುದೇ? ಸ್ಕೋಪನ್ನು ರೈಫಲ್‌ಗೆ ಹಿಡಿಸುವ ರಿಂಗುಗಳೂ ಸೇರಿ 150 ಡಾಲರ್, ತೀರಾ ಬೇಕೆಂದರೆ 180ರವರೆಗೆ ಹೋಗಬಲ್ಲೆ.

ಹಾರಂಗಿ ತೀರ

ನೀವು 50 ಗಜ ಎಂದು ಸ್ಪಷ್ಟವಾಗಿ ಹೇಳಿದ್ದರಿಂದ ಉತ್ತರ ಸುಲಭವಾಯಿತು: 2-7x32 ತೆಗೆದುಕೊಳ್ಳಿ. ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲ ಸ್ಕೋಪ್ ಕೊಳ್ಳುವವರಿಗೆ ಅಂಗಡಿಯಲ್ಲಿ ತೋರಿಸುವುದು ಬರೀ ವರ್ಧನೆಯ ಅಂಕಿ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮ್‌ನಲ್ಲಿ ಬಹುಕಾಲ ಕೆಲಸ ಮಾಡಿ, ಈಗ ಒಹಾಯೊದಲ್ಲಿ ಮಗಳ ಮನೆಯಲ್ಲಿದ್ದೇನೆ. ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬಕ್ಕೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಅಳತೆ ತಪ್ಪಿದರೆ ಸುಮ್ಮನಿರಲಾಗದ ಸ್ವಭಾವ ಆ ಎರಡೂ ಕಡೆಯಿಂದ ಬಂದಿದೆ.

ಸ್ಕೋಪಿನಲ್ಲಿ ಪ್ಯಾರಲಾಕ್ಸ್ ಎಂಬುದೊಂದಿದೆ. ಗುರಿಯ ಬಿಂಬವೂ ಕ್ರಾಸ್‌ಹೇರ್ ಗೆರೆಗಳೂ ಒಳಗೆ ಒಂದೇ ಸಮತಲದಲ್ಲಿ ಬೀಳಬೇಕು. ಅದು ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ಸರಿಯಾಗಿ ಒದಗುತ್ತದೆ. ಉಳಿದ ದೂರಗಳಲ್ಲಿ ಕಣ್ಣು ಸ್ಕೋಪಿನ ನಡುವಿನಿಂದ ಒಂದಿಷ್ಟು ಸರಿದರೂ ಗೆರೆ ಗುರಿಯ ಮೇಲೆ ಜಾರುತ್ತದೆ. ರೈಫಲ್ ಅಲುಗಿರುವುದಿಲ್ಲ, ಆದರೂ ಗುರಿ ಬದಲಾದಂತೆ ಕಾಣುತ್ತದೆ. ದೊಡ್ಡ ತೋಟಾದ ಬೇಟೆ ರೈಫಲ್‌ಗಳ ಸಾಮಾನ್ಯ ಸ್ಕೋಪುಗಳನ್ನು ಕಾರ್ಖಾನೆಯಲ್ಲಿ 100 ಗಜಕ್ಕೆ ಅಥವಾ ಅದಕ್ಕೂ ಹೆಚ್ಚಿನ ದೂರಕ್ಕೆ ಹೊಂದಿಸಿರುತ್ತಾರೆ. ರಿಮ್‌ಫೈರ್ (ಅಂದರೆ ಪಾಯಿಂಟ್ 22ರಂಥ ಸಣ್ಣ ತೋಟಾದ ರೈಫಲ್‌ಗಳದ್ದು) ಎಂದು ಹೆಸರಿಟ್ಟವನ್ನು 50 ಅಥವಾ 60 ಗಜಕ್ಕೆ ಹೊಂದಿಸಿರುತ್ತಾರೆ. ನೀವು ನೋಡಿದ ವೋರ್ಟೆಕ್ಸ್ 50 ಗಜದ್ದು, ಲ್ಯೂಪೋಲ್ಡ್ ಕಂಪನಿಯ ರಿಮ್‌ಫೈರ್ ಸ್ಕೋಪುಗಳು 60 ಗಜದವು.

ಇದು ಎಷ್ಟರಮಟ್ಟಿನ ವ್ಯತ್ಯಾಸ ಎಂದು ಲೆಕ್ಕ ಹಾಕಬಹುದು. ಮುಂದಿನ ಮಸೂರದ ವ್ಯಾಸದ ಅರ್ಧವನ್ನು ತೆಗೆದುಕೊಳ್ಳಿ. ಗುರಿಯ ದೂರಕ್ಕೂ ಸ್ಕೋಪ್ ಹೊಂದಿಸಿದ ದೂರಕ್ಕೂ ಇರುವ ಅಂತರದಿಂದ ಅದನ್ನು ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. ಬರುವುದು ಕಣ್ಣು ತೀರಾ ಅಂಚಿಗೆ ಹೋದಾಗಿನ ಗರಿಷ್ಠ ತಪ್ಪು. 100 ಗಜಕ್ಕೆ ಹೊಂದಿಸಿದ 32 ಮಿಲಿಮೀಟರಿನ ಸ್ಕೋಪಿನಲ್ಲಿ 50 ಗಜ ನೋಡಿದರೆ 8 ಮಿಲಿಮೀಟರ್, 25 ಗಜ ನೋಡಿದರೆ 12 ಮಿಲಿಮೀಟರ್. ಪಾಯಿಂಟ್ 22 ಗುಂಡಿನ ವ್ಯಾಸವೇ ಸುಮಾರು 5.7 ಮಿಲಿಮೀಟರ್. ಮಸೂರ 50 ಮಿಲಿಮೀಟರ್ ಆದರೆ ಅದೇ 50 ಗಜದಲ್ಲಿ ತಪ್ಪು 12.5ಕ್ಕೆ ಏರುತ್ತದೆ. 50 ಗಜಕ್ಕೆ ಹೊಂದಿಸಿದ ಸ್ಕೋಪಿನಲ್ಲಾದರೋ ನಿಮ್ಮ ಮುಖ್ಯ ಗುರಿಯಲ್ಲಿ ಈ ತಪ್ಪು ಸೊನ್ನೆ. ಅದರಲ್ಲೇ 100 ಗಜ ನೋಡಿದಾಗ 16 ಮಿಲಿಮೀಟರ್ ಬರುತ್ತದೆ, ನಿಜ. ಆದರೆ ಅಷ್ಟು ದೂರದಲ್ಲಿ ಕಾರ್ಖಾನೆಯಿಂದ ಬಂದ 10/22 ತನ್ನ ಗುಂಡುಗಳನ್ನು ಅದಕ್ಕಿಂತ ಎಷ್ಟೋ ಅಗಲಕ್ಕೆ ಹರಡುತ್ತದೆ. ಕೆನ್ನೆಯನ್ನು ಪ್ರತಿ ಸಲ ಹಿಡಿಯ ಮೇಲೆ ಒಂದೇ ಜಾಗದಲ್ಲಿ ಊರುವ ಅಭ್ಯಾಸವಾದರೆ ಈ ಅಂಕಿಗಳೆಲ್ಲ ಅರ್ಧಕ್ಕಿಂತ ಕೆಳಗಿಳಿಯುತ್ತವೆ.

ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು. ಬರಿಯ ಸ್ಕೋಪನ್ನು ಮೇಜಿನ ಮೇಲೆ ಅಲುಗದಂತೆ ಇರಿಸಿ, ಕಿಟಕಿಯಾಚೆ ಸುಮಾರು 50 ಗಜದಲ್ಲಿರುವ ಫಲಕದ ಒಂದು ಅಕ್ಷರಕ್ಕೆ ಗೆರೆ ಕೂರಿಸಿ. ಸ್ಕೋಪನ್ನು ಮುಟ್ಟದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಸರಿಸಿ ನೋಡಿ. ಗೆರೆ ಅಕ್ಷರವನ್ನು ಬಿಟ್ಟು ಹೋದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

4-16x50ರ ಬಗ್ಗೆ: ತೊಂಬತ್ತು ಡಾಲರಿನಲ್ಲಿ ದೊಡ್ಡ ಮಸೂರ, ಹೆಚ್ಚು ವರ್ಧನೆ, ದೀಪ ಎಲ್ಲವನ್ನೂ ಕೊಟ್ಟರೆ ಗಾಜಿಗೂ ಒಳಗಿನ ಸ್ಕ್ರೂಗಳಿಗೂ ಉಳಿಯುವ ಹಣ ಎಷ್ಟು? ವರ್ಧನೆ ಹೆಚ್ಚಿದಂತೆ ಕಣ್ಣಿಗೆ ಬರುವ ಬೆಳಕಿನ ಕಂಬ ತೆಳುವಾಗುತ್ತದೆ. 50 ಮಿಲಿಮೀಟರನ್ನು 16ರಿಂದ ಭಾಗಿಸಿದರೆ 3.1, 32ನ್ನು 7ರಿಂದ ಭಾಗಿಸಿದರೆ 4.6. ಕಂಬ ತೆಳುವಾದಷ್ಟೂ ಕಣ್ಣನ್ನು ಸರಿಯಾದ ಜಾಗದಲ್ಲಿ ಹಿಡಿಯುವುದು ಕಷ್ಟ, ಕನ್ನಡಕವಿದ್ದವರಿಗೆ ಇನ್ನೂ ಕಷ್ಟ. 50 ಗಜದ ಕಾಗದಕ್ಕೆ ಏಳರಷ್ಟು ವರ್ಧನೆ ಧಾರಾಳವಾಯಿತು.

ಏರ್‌ಗನ್‌ಗೆ ಇದನ್ನು ಕೂರಿಸಬೇಡಿ. ರಿಮ್‌ಫೈರ್ ರೈಫಲ್ ಬಹಳ ಮೆದುವಾಗಿ, ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ, ಮರುಕ್ಷಣವೇ ಮುಂದಕ್ಕೆ ಜಗ್ಗುತ್ತದೆ. ಆ ಮುಂದಿನ ಜಗ್ಗುವಿಕೆಗೆಂದು ಕಟ್ಟದ ಸ್ಕೋಪಿನ ಒಳಭಾಗ ಸಡಿಲವಾಗುತ್ತದೆ. ಅದಕ್ಕೆ ಏರ್‌ಗನ್‌ಗೆ ತಕ್ಕದ್ದೆಂದು ತಯಾರಕರೇ ಹೇಳಿದ ಸ್ಕೋಪ್ ಬೇಕು, ಹತ್ತು ಗಜದವರೆಗೆ ದೂರ ಹೊಂದಿಸಲು ಬರುವಂಥದ್ದು.

ಮಿಷಿಗನ್ ಮಲ್ಲಿಗೆ

ಮೇಲಿನ ಹಿರಿಯರ ಮಾತಿಗೆ ಬಹುಪಾಲು ನನ್ನ ಒಪ್ಪಿಗೆ ಇದೆ, ಒಂದು ಕಡೆ ಬಿಟ್ಟು. ನೀವು 25 ಗಜದಲ್ಲೂ 100 ಗಜದಲ್ಲೂ ಹೊಡೆಯುತ್ತೀರಿ ಎಂದಾದರೆ ಮುಂಭಾಗದ ಬಳೆ ತಿರುಗುವ 3-9x40 ನ್ಯಾಯವಾದ ಆಯ್ಕೆ. ಒಂದೇ ದೂರಕ್ಕೆ ಕಟ್ಟಿಹಾಕಿಕೊಳ್ಳುವ ಅಗತ್ಯವಿಲ್ಲ. ನನ್ನ ರೈಫಲ್ ಮೇಲೆ ಇರುವುದು ಅಂಥದ್ದೇ. 25 ಗಜದಲ್ಲಿ ಬಿಂಬ ಮಂಜಾಗದೆ ಕಾಣುವುದೇ ನನಗೆ ದೊಡ್ಡ ಅನುಕೂಲ. ಬಳೆಯ ಮೇಲೆ ಬರೆದ ಅಂಕಿಯನ್ನು ಮಾತ್ರ ನಂಬಬೇಡಿ. ತಲೆ ಅಲುಗಿಸಿ ನೋಡಿ, ಗೆರೆ ನಿಂತ ಜಾಗದಲ್ಲಿ ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ.

ನನ್ನ ಮಗಳು ಕಲಿಯುವಾಗ ಅವಳ ರೈಫಲ್‌ಗೆ ಬದಲಾಗದ ವರ್ಧನೆಯ 4x32 ಹಾಕಿಸಿದ್ದೆವು. ಹಗುರ, ಅಗ್ಗ, ತಿರುಗಿಸಲು ಏನೂ ಇಲ್ಲ. ಮಕ್ಕಳು ಗುರಿಯನ್ನು ಬಿಟ್ಟು ಬಳೆಗಳ ಜೊತೆ ಆಟವಾಡುವುದು ತಪ್ಪಿತು. ಕೈ ಬಿಗಿಯಾಗಿದ್ದರೆ ನಿಮಗೂ ಅದು ಸಾಕು.

ಪ್ರೋನ್ 50 ಮೀಟರ್, ಬೆಂಗಳೂರು

ನಾನು ಸ್ಪರ್ಧೆಗಳಲ್ಲಿ 50 ಮೀಟರ್ ರೈಫಲ್ ಹೊಡೆಯುತ್ತೇನೆ. ತೋಟಾ ನಿಮ್ಮದೇ, ಆದರೆ ನಮಗೆ ಸ್ಕೋಪ್ ನಿಷಿದ್ಧ, ಕಿಂಡಿಯ ಸೈಟ್ ಮಾತ್ರ. ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್. ಇದನ್ನು ಹೇಳಿದ್ದು ಏಕೆಂದರೆ, ವರ್ಧನೆಯೇ ಇಲ್ಲದೆ ಆ ವೃತ್ತವನ್ನು ಮತ್ತೆ ಮತ್ತೆ ಮುಟ್ಟಲು ಸಾಧ್ಯ. ಅಲ್ಲಿ ಕೆಲಸ ಮಾಡುವುದು ಉಸಿರು, ಟ್ರಿಗರ್ ಮತ್ತು ತೋಟಾ.

ತೋಟಾದ ಮಾತು ಇಲ್ಲಿ ಯಾರೂ ಎತ್ತಿಲ್ಲ. ದಯವಿಟ್ಟು 150 ಡಾಲರನ್ನೂ ಗಾಜಿಗೆ ಸುರಿಯಬೇಡಿ. ಬೇರೆ ಬೇರೆ ತಯಾರಿಕೆಯ ತೋಟಾಗಳನ್ನು ಒಂದೊಂದು ಪೆಟ್ಟಿಗೆ ತಂದು, ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಆನಿಸಿ ಹೊಡೆದು ನೋಡಿ. ಪಾಯಿಂಟ್ 22ರಲ್ಲಿ ಪ್ರತಿ ನಳಿಗೆಗೂ ಅದರದೇ ಇಷ್ಟ ಇರುತ್ತದೆ. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಸೆಕೆಂಡಿಗೆ 1070 ಅಡಿ ವೇಗದ್ದು, ಅದೇ ಕಂಪನಿಯ ಮಿನಿ ಮ್ಯಾಗ್ 1235 ಅಡಿಯದ್ದು. ಶಬ್ದದ ವೇಗ ಸುಮಾರು 1125 ಅಡಿ. ಎರಡನೆಯದು ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಅದರ ಕೆಳಗೆ ಇಳಿಯುತ್ತದೆ, ಅಡ್ಡಗಾಳಿಗೆ ಮೊದಲನೆಯದಕ್ಕಿಂತ ಹೆಚ್ಚು ಸರಿಯುತ್ತದೆ. ಕಾಗದದ ಗುರಿಗೆ ನಿಧಾನದ್ದೇ ಲೇಸು. ನಿಮ್ಮ ಸೆಮಿ-ಆಟೊಮ್ಯಾಟಿಕ್ ಅದರಲ್ಲಿ ತಡೆಯಿಲ್ಲದೆ ಓಡುತ್ತದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ಕಾಫಿ ತೋಟ

ಎಲ್ಲರ ಉತ್ತರ ಓದಿ ಸಂತೋಷವಾಯಿತು. ನಾನು ವಿರಾಜಪೇಟೆಯ ಹತ್ತಿರದವನು. ನನ್ನ ಬಳಿ ಲೈಸೆನ್ಸ್ ಇರುವ ಪಾಯಿಂಟ್ 22 ರೈಫಲ್ ಇದೆ. ಡಿಸೆಂಬರಿನಲ್ಲಿ ಅಮೆರಿಕದಿಂದ ಸಂಬಂಧಿಕರು ಬರುತ್ತಾರೆ. ಹಾರಂಗಿ ತೀರದ ಅಣ್ಣ, ಅವರ ಸೂಟ್‌ಕೇಸಿನಲ್ಲಿ ಆ 2-7x32 ಒಂದನ್ನು ತರಿಸಿಕೊಳ್ಳಬಹುದೇ? ಇಲ್ಲಿ ಒಳ್ಳೆಯದು ಸಿಗುವುದು ಕಷ್ಟ.

ಅಲೆಗೇನಿ ಕನ್ನಡಿಗ

ಎಲ್ಲರಿಗೂ ಕೃತಜ್ಞತೆ. ಅಂಗಡಿಗೆ ಹೋಗಿ ತಲೆ ಅಲುಗಿಸಿ ನೋಡಿದೆ. 4-16ರಲ್ಲಿ ಗೆರೆ ಅಕ್ಷರದ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ದಾಟಿತು, 2-7ರಲ್ಲಿ ಕದಲಲಿಲ್ಲ. ಬಳೆ ತಿರುಗುವ 3-9 ಕೂಡ ಚೆನ್ನಾಗಿತ್ತು, ಆದರೆ ಉದ್ದ ಮತ್ತು ಭಾರ. ನನ್ನ ಪುಟ್ಟ ಕಾರ್ಬೈನ್ ಮೇಲೆ ತಲೆಭಾರ ಎನಿಸಿತು. 2-7x32 ತಂದಿದ್ದೇನೆ. ಉಳಿದ ಹಣಕ್ಕೆ ರಿಂಗುಗಳು ಮತ್ತು ನಾಲ್ಕು ಬಗೆಯ ತೋಟಾ. ಈಗ ಕೂರಿಸುವ ಕ್ರಮ ಹೇಳುವಿರಾ? ಗೆರೆ ತೋರಿದ ಜಾಗಕ್ಕೇ ಗುಂಡು ಬೀಳುವಂತೆ ಸೊನ್ನೆಗೆ ತರುವುದನ್ನು ಎಲ್ಲಿಂದ ಆರಂಭಿಸಲಿ? 100 ಗಜಕ್ಕೆ ಗುಂಡು ಬೀಳುವ ಲೆಕ್ಕಕ್ಕೆ ಗೆರೆಯ ಮೇಲೆಯೇ ಗುರುತುಗಳಿರುವ ಸ್ಕೋಪ್ ತರಬೇಕಿತ್ತೇ ಎಂಬ ಅನುಮಾನವೂ ಇದೆ.

ಹಾರಂಗಿ ತೀರ

ಮೊದಲು ಕಾಫಿ ತೋಟದವರಿಗೆ. ಬೇಡ ತಮ್ಮಾ. ಬಂದೂಕಿಗೆ ಕೂರಿಸುವ ಸ್ಕೋಪುಗಳು ಅಮೆರಿಕದ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಬಟ್ಟೆಯ ನಡುವೆ ಇಟ್ಟು ತರುವ ಸಾಮಾನು ಅಲ್ಲ ಅದು. ತೊಂದರೆಗೆ ಸಿಲುಕುವವರು ಏನೂ ತಿಳಿಯದ ನಿಮ್ಮ ಸಂಬಂಧಿಕರು. ಊರಿನಲ್ಲೇ ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಮೂಲಕ, ಬಿಲ್ ಸಮೇತ ಕೊಳ್ಳಿ. ತಡವಾದರೂ ಸರಿ.

ಇನ್ನು ಸ್ಕೋಪ್ ತಂದವರಿಗೆ. ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದ ಮೇಲೆಯೇ ಕೆಲಸ ಆರಂಭಿಸಿ. 10/22ರ ಪೆಟ್ಟಿಗೆಯಲ್ಲಿ ಸ್ಕೋಪಿನ ಅಡಿಪಟ್ಟಿ ಇರುತ್ತದೆ, ರಿಸೀವರಿನ (ಬೋಲ್ಟ್ ಕೂರುವ ಲೋಹದ ಒಡಲಿನ) ಮೇಲಿನ ತೂತುಗಳಿಗೆ ಅದನ್ನು ತಿರುಪಿ. ಆ ಪಟ್ಟಿಗೆ ವೀವರ್ ಮಾದರಿಯ ರಿಂಗುಗಳೂ ಹಿಡಿಯುತ್ತವೆ, ಪಾಯಿಂಟ್ 22ರ ಕಿರಿದಾದ ರಿಂಗುಗಳೂ ಹಿಡಿಯುತ್ತವೆ. ಎಣ್ಣೆಯ ಜಿಡ್ಡನ್ನು ಪೂರ್ತಿ ಒರೆಸಿ. ಹಿಂದಿನ ಸೈಟ್ ಮಡಚುವಂಥದ್ದು, ಅದನ್ನು ಮಲಗಿಸಿಬಿಡಿ. 32 ಮಿಲಿಮೀಟರಿನ ಮಸೂರಕ್ಕೆ ತಗ್ಗಿನ ರಿಂಗುಗಳೇ ಸಾಕು. ಸ್ಕೋಪ್ ತಗ್ಗಿದಷ್ಟೂ ಕೆನ್ನೆ ಹಿಡಿಯ ಮೇಲೆ ಗಟ್ಟಿಯಾಗಿ ಕೂರುತ್ತದೆ.

ರಿಂಗುಗಳನ್ನು ಸಡಿಲ ಬಿಟ್ಟು, ವರ್ಧನೆಯನ್ನು ಏಳಕ್ಕೆ ಇಟ್ಟು, ಕನ್ನಡಕ ಹಾಕಿಕೊಂಡೇ ಕಣ್ಣು ಮುಚ್ಚಿ ಕೆನ್ನೆ ಊರಿ. ಕಣ್ಣು ತೆರೆದಾಗ ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ನಿಂತ ಗೆರೆ ನೆಟ್ಟಗಿದೆಯೇ ಎಂದು ದೂರದ ಗೋಡೆಯ ಮೂಲೆಗೆ ಅಥವಾ ತೂಗುಬಿಟ್ಟ ದಾರಕ್ಕೆ ಹೋಲಿಸಿ. ಮೇಲಿನ ಸ್ಕ್ರೂಗಳನ್ನು ಒಂದಾದ ಮೇಲೆ ಒಂದನ್ನು ಪೂರ್ತಿ ಬಿಗಿಯಬೇಡಿ. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು 15ರಿಂದ 18 ಇಂಚ್-ಪೌಂಡಿಗೆ (ಇದು ತಿರುಚುವ ಬಲದ ಅಳತೆ) ನಿಲ್ಲಿಸಿ. ತೋಳಿನ ಬಲವೆಲ್ಲ ಹಾಕಿ ಸ್ಕೋಪಿನ ಕೊಳವೆಯನ್ನು ಜಜ್ಜಿದವರನ್ನು ಕಂಡಿದ್ದೇನೆ.

10/22ರ ರಿಸೀವರ್ ಹಿಂಬದಿ ಮುಚ್ಚಿರುವುದರಿಂದ ನಳಿಗೆಯೊಳಗೆ ಹಿಂದಿನಿಂದ ಇಣುಕಿ ಗುರಿ ಹೊಂದಿಸಲು ಆಗುವುದಿಲ್ಲ. ದೊಡ್ಡ ಕಾಗದ ಕಟ್ಟಿ 25 ಗಜದಿಂದ ಶುರು ಮಾಡಿ. ನಿಮ್ಮ ಸ್ಕೋಪಿನ ಹೊಂದಿಸುವ ತಿರುಗಣೆಯ ಒಂದು ಕ್ಲಿಕ್ ಕಾಲು ಎಂಒಎ (ಒಂದು ಎಂಒಎ ಎಂದರೆ 100 ಗಜದಲ್ಲಿ ಸುಮಾರು ಒಂದು ಅಂಗುಲದಷ್ಟು ಕೋನ). ಅಂದರೆ 25 ಗಜದಲ್ಲಿ ಒಂದು ಅಂಗುಲಕ್ಕೆ 16 ಕ್ಲಿಕ್, 50 ಗಜದಲ್ಲಿ 8, 100ರಲ್ಲಿ 4. 25ರಲ್ಲಿ ನಡುವಿಗೆ ತಂದ ಮೇಲೆ 50ಕ್ಕೆ ಹೋಗಿ, ಒಂದೊಂದು ಗುಂಡಿಗೆ ತಿರುಗಿಸದೆ ಐದು ಗುಂಡುಗಳ ಗುಂಪಿನ ನಡುವನ್ನು ನೋಡಿ ತಿರುಗಿಸಿ.

ಗುರುತುಗಳ ಗೆರೆಗೆ ಆಸೆಪಡಬೇಡಿ. ಆ ಗುರುತುಗಳು ಒಂದು ನಿರ್ದಿಷ್ಟ ವೇಗದ ತೋಟಾಕ್ಕೆ ಬರೆದವು. ಈ ದರ್ಜೆಯ ಸ್ಕೋಪುಗಳಲ್ಲಿ ವರ್ಧನೆ ಬದಲಿಸಿದರೆ ಅವುಗಳ ಲೆಕ್ಕವೂ ಬದಲಾಗುತ್ತದೆ. 50 ಗಜಕ್ಕೆ ಸೊನ್ನೆ ಮಾಡಿದ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ 100 ಗಜದಲ್ಲಿ ಆರರಿಂದ ಏಳು ಅಂಗುಲ ಕೆಳಗೆ ಬೀಳುತ್ತದೆ. ಸುಮಾರು 25 ಕ್ಲಿಕ್ ಮೇಲಕ್ಕೆ ಕೊಟ್ಟು ಹೊಡೆಯಿರಿ, ನಿಮ್ಮ ತೋಟಾಕ್ಕೆ ಸರಿಯಾದ ಸಂಖ್ಯೆ ಅಲ್ಲೇ ಸಿಗುತ್ತದೆ. ಮರಳಿ ಅಷ್ಟೇ ಕ್ಲಿಕ್ ಇಳಿಸಿ 50 ಗಜದಲ್ಲಿ ಇನ್ನೊಂದು ಗುಂಪು ಹೊಡೆಯಿರಿ. ಅದು ಹಳೆಯ ಜಾಗಕ್ಕೇ ಬರಬೇಕು. ಬಾರದಿದ್ದರೆ ಮೊದಲು ರಿಂಗು ಮತ್ತು ಅಡಿಪಟ್ಟಿಯ ಸ್ಕ್ರೂಗಳನ್ನು ಮತ್ತೆ ಪರೀಕ್ಷಿಸಿ. ಅವು ಬಿಗಿಯಾಗಿದ್ದೂ ಗುಂಪು ಅಲೆದರೆ ಸ್ಕೋಪನ್ನು ಕಂಪನಿಗೆ ಕಳುಹಿಸಿ. ವೋರ್ಟೆಕ್ಸ್‌ನವರ ಖಾತರಿ ಜೀವನಪರ್ಯಂತದ್ದು, ರಸೀದಿಯನ್ನೂ ಕೇಳುವುದಿಲ್ಲ.