ಪದಚರ್ಚೆ: ಹಳೇ ಥರದ ವಿಡಿಯೋ ಗೇಮಿನ ‘ಮಾನ್‌ಸ್ಟರ್‌’ಗೆ ಯಾವ ಪದ? ದೆವ್ವ, ಬೇತಾಳ, ಮರುಳು?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಅಕ್ಕನ ಮಗ ಮತ್ತು ಅವನ ಗೆಳೆಯರು ಒಂದು ವಿಡಿಯೋ ಗೇಮ್ ಮಾಡುತ್ತಿದ್ದಾರೆ. 80ರ ದಶಕದ ಆಟಗಳ ಥರದ್ದು. ಹಳೇ ವಾಡೆಯೊಂದರ ಒಳಗೆ ಹೊಕ್ಕು, ಕೋಣೆಯಿಂದ ಕೋಣೆಗೆ ಹೋಗಿ, ಸಾಮಾನು ಹುಡುಕಿ, ಬೀಗ ತೆಗೆದು ಹೊರಗೆ ಬರಬೇಕು. ಅಡ್ಡ ಬರುವವರೆಲ್ಲ ಹಳೇ ಹಾಲಿವುಡ್ ಸಿನಿಮಾದವರು. 1931ರ ಡ್ರಾಕುಲಾ, ಅದೇ ವರ್ಷದ ಫ್ರಾಂಕೆನ್‌ಸ್ಟೈನ್ ಸಿನಿಮಾದಲ್ಲಿ ಹೆಣಗಳನ್ನು ಜೋಡಿಸಿ ಮಾಡಿದ ಜೀವ, 1932ರ ಮಮ್ಮಿ (ಬಟ್ಟೆ ಸುತ್ತಿಟ್ಟ ಹಳೇ ಹೆಣ), 1941ರ ತೋಳವಾಗುವ ಮನುಷ್ಯ. ಕೊನಾಮಿ ಕಂಪನಿಯವರ ಕ್ಯಾಸಲ್‌ವೇನಿಯಾ ಅನ್ನೋ ವಿಡಿಯೋ ಗೇಮ್ 1986ರಲ್ಲೇ ಇಂಥವರನ್ನು ಒಂದು ಕೋಟೆಯೊಳಗೆ ಕೂಡಿಹಾಕಿತ್ತು, ಆಡಿದವರಿಗೆ ನೆನಪಿರುತ್ತೆ.

ಪರದೆ ಮೇಲೆ ಬರುವ ಕನ್ನಡ ಬರೆಯೋದು ನನ್ನ ಪಾಲಿಗೆ ಬಂದಿದೆ. ಇವರನ್ನೆಲ್ಲ ಒಟ್ಟಿಗೆ ಮಾನ್‌ಸ್ಟರ್ ಅಂತಾರಲ್ಲ, ಅದಕ್ಕೆ ಏನು ಹಾಕೋಣ?

ಹುಡುಗರು ‘ದೆವ್ವ’ ಸಾಕು ಅಂತಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ದೆವ್ವ ಅಂದ್ರೆ ಸತ್ತವರದ್ದು, ಬಡಿಯುವಂಥದ್ದು, ಮೈಮೇಲೆ ಬರುವಂಥದ್ದು. ಅದಕ್ಕೆ ತನ್ನದೇ ಮೈ ಇಲ್ಲ. ಇವಕ್ಕೋ ಮೈಯೇ ಎಲ್ಲ: ಹೊಲಿಗೆ ಹಾಕಿದ ಹಣೆ, ಬಟ್ಟೆ ಸುತ್ತಿದ ಕಾಲು, ಕೂದಲು ತುಂಬಿದ ಕೈ. ‘ಭೂತ’ ಅನ್ನೋಣ ಅಂದ್ರೆ ಮಂಗಳೂರು ಕಡೆಯವರು ಭೂತಕ್ಕೆ ಕೋಲ ಕಟ್ಟಿ ನಡೆದುಕೊಳ್ಳುತ್ತಾರೆ, ಅದನ್ನು ಇಲ್ಲಿ ಹೊಡೆಯೋ ಗೊಂಬೆ ಮಾಡೋದು ಸರಿಯಲ್ಲ. ‘ರಾಕ್ಷಸ’ ಅಂದ ಕೂಡಲೇ ದೊಡ್ಡಾಟದ ವೇಷ ಕಣ್ಣಿಗೆ ಬರುತ್ತೆ.

ಇನ್ನೊಂದು ತೊಡಕಿದೆ, ಇದೇ ದೊಡ್ಡದು. ಆಟದೊಳಗೆ ವಾಕ್ಯ ಒಂದೇ ಇರುತ್ತೆ, ಹೆಸರು ಮಾತ್ರ ಬದಲಾಗುತ್ತೆ. ‘ರಾಕ್ಷಸ’ ಹಾಕಿದ್ರೆ ‘ಬಂದ’, ‘ರಾಕ್ಷಸನಿಗೆ ಕೊಡು’. ‘ದೆವ್ವ’ ಹಾಕಿದ್ರೆ ‘ಬಂತು’, ‘ದೆವ್ವಕ್ಕೆ ಕೊಡು’. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಈ ಗೋಜಿಲ್ಲ. ತೋಳವಾಗುವ ಮನುಷ್ಯನಿಗೆ ಏನು ಮಾಡೋಣ? ಹಗಲು ‘ಬಂದ’, ರಾತ್ರಿ ‘ಬಂತು’ ಅನ್ನಬೇಕು ಅಂತ ನನ್ನ ಆಸೆ, ಓದುವವನಿಗೆ ಆ ಒಂದು ಅಕ್ಷರದಲ್ಲೇ ಮೈ ಜುಮ್ಮನ್ನಬೇಕು. ಹೆಣಗಳಿಂದ ಮಾಡಿದ ಆ ಜೀವವನ್ನು ಮಾತ್ರ ‘ಅದು’ ಅನ್ನೋಕೆ ನನಗೆ ಮನಸ್ಸಿಲ್ಲ. 1818ರ ಮೇರಿ ಶೆಲ್ಲಿ ಕಾದಂಬರಿಯಲ್ಲಿ ಅವನು ಮಾತಾಡ್ತಾನೆ, ಓದ್ತಾನೆ, ಜೊತೆಗೊಬ್ಬಳು ಬೇಕು ಅಂತ ಬೇಡ್ತಾನೆ. ಅವನಿಗೊಂದು ಹೆಸರೂ ಇಲ್ಲ. ಫ್ರಾಂಕೆನ್‌ಸ್ಟೈನ್ ಅನ್ನೋದು ಮಾಡಿದವನ ಹೆಸರು.

‘ಬೇತಾಳ’ ಹತ್ತಿರ ಬರುತ್ತೆ. ಹೆಣದೊಳಗೆ ಸೇರಿಕೊಳ್ಳೋದು, ಮಾತಾಡೋದು. 1870ರಲ್ಲಿ ರಿಚರ್ಡ್ ಬರ್ಟನ್ ವಿಕ್ರಮನ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ವ್ಯಾಂಪೈರ್ (ಡ್ರಾಕುಲಾನಂಥ ರಕ್ತ ಹೀರುವವನು) ಅಂತಲೇ ಕರೆದ. ‘ಬೇತಾಳ ಬಂದ’, ‘ಬೇತಾಳ ಬಂತು’ ಎರಡೂ ಕಿವಿಗೆ ಒಗ್ಗುತ್ತೆ. ಒತ್ತಕ್ಷರವೂ ಇಲ್ಲ, ಇದು ಸಣ್ಣ ಮಾತಲ್ಲ, ಯಾಕಂದ್ರೆ ಆಟದಲ್ಲಿ ಅಕ್ಷರ ಕೂರೋದು 8 ಚುಕ್ಕಿ ಅಗಲ 8 ಚುಕ್ಕಿ ಎತ್ತರದ ಚೌಕದಲ್ಲಿ, ‘ರಾಕ್ಷಸ’ದ ಒತ್ತು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಅಂಟಿಕೊಂಡು ಏನೂ ಓದೋಕೆ ಬರಲ್ಲ. ಆದ್ರೆ ತೋಳಮನುಷ್ಯ ಬೇತಾಳ ಅಲ್ಲ, ಅಲ್ವಾ? ಅವನು ಜೀವಂತ ಇದ್ದಾನೆ.

ನನ್ನ ಮನಸ್ಸು ನಿಂತಿರೋದು ‘ಮರುಳು’ ಮೇಲೆ. ನಮ್ಮ ಮುಧೋಳದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವಾಗ ಮರುಳುಗಳು, ಅಂದ್ರೆ ಪಿಶಾಚಿಗಳು, ಅವನನ್ನು ಅಣಕಿಸುತ್ತವೆ. ಇದಕ್ಕೂ ಒತ್ತಿಲ್ಲ, ಮೂರೇ ಅಕ್ಷರ. ಆದ್ರೆ ಈಗ ಮರುಳು ಅಂದ್ರೆ ಹುಚ್ಚು, ಮೋಹ ಅಂತಲೇ ಜಾಸ್ತಿ ಬಳಕೆ, ‘ಮರುಳು ಬಂತು’ ಅಂದ್ರೆ ಹುಡುಗರಿಗೆ ಬೇರೇನೋ ತಿಳಿದೀತು.

ಮುಧೋಳ, ಜಮಖಂಡಿ, ಬೀಳಗಿ ಕಡೆ ಹಳ್ಳಿಗಳಲ್ಲಿ ಹಿರಿಯರು ಇವತ್ತಿಗೂ ‘ಮರುಳು’ ಪದವನ್ನು ಪಿಶಾಚಿ ಅನ್ನೋ ಅರ್ಥದಲ್ಲಿ ಆಡ್ತಾರಾ? ಕೇಳಿದವರು ಯಾವ ಊರು, ಯಾವ ಮಾತಿನಲ್ಲಿ ಅಂತ ಬರೆಯಿರಿ. ಇಲ್ಲದಿದ್ರೆ ‘ಬೇತಾಳ’ವನ್ನೇ ಹಾಕಿ, ತೋಳಮನುಷ್ಯನಿಗೆ ಬೇರೆ ಪದ ಹುಡುಕಬೇಕು.