ಯುರೇನಿಯಂ ದ್ರಾವಣದಲ್ಲಿ ಸೋಡಿಯಂ, ಲಿಥಿಯಂ: ಬ್ಲಾಂಕೇ ಜಾಸ್ತಿ ಬರುತ್ತಿದೆ

ತೊಗರಿಕಣಜ_ಎಂಎಸ್ಸಿ:
ನಮಸ್ಕಾರ. ಕಲಬುರಗಿಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದೇನೆ. ನಮ್ಮೂರು ಶಹಾಪುರದ ಹತ್ತಿರ, ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಕೇಳುತ್ತಲೇ ಬೆಳೆದವನು, ಹಾಗಾಗಿ ಪ್ರಾಜೆಕ್ಟಿಗೆ ಇದನ್ನೇ ಹಿಡಿದೆ. ಯುರೇನೈಲ್ ನೈಟ್ರೇಟ್‌ನಲ್ಲಿರುವ ಅಲ್ಪಸ್ವಲ್ಪ ಲಿಥಿಯಂ, ಸೋಡಿಯಂ, ಪೊಟ್ಯಾಶಿಯಂ ಅಳೆಯಬೇಕು. ಗೈಡ್ "ಮೊದಲು ಯುರೇನಿಯಂ ತೆಗಿ" ಅನ್ನುತ್ತಾರೆ. ನೇರವಾಗಿ ಅಳೆದರೆ ಏನಾಗುತ್ತದೆ? ಇನ್ನೊಂದು, ಯುರೇನಿಯಂ ಇಲ್ಲದ ಬ್ಲಾಂಕ್‌ನಲ್ಲೇ (ಸ್ಯಾಂಪಲ್ ಹಾಕದೆ, ಉಳಿದದ್ದೆಲ್ಲ ಹಾಗೇ ಮಾಡಿ ನೋಡುವ ಪರೀಕ್ಷೆ) ಸೋಡಿಯಂ ಜಾಸ್ತಿ ಬರುತ್ತಿದೆ. ಲಿಥಿಯಂ ಮಾತ್ರ ಸರಿ ಇದೆ.

ಹಳೇ_ಕೆಮಿಸ್ಟ್:
ತಮ್ಮಾ, ಗೈಡ್ ಹೇಳಿದ್ದು ಸರಿ. ಐಸಿಪಿ ಯಂತ್ರದ ಪ್ಲಾಸ್ಮಾದಲ್ಲಿ, ಅಂದರೆ ಲೋಹಗಳು ಬೆಳಕು ಚೆಲ್ಲುವ ಅತಿ ಬಿಸಿ ಅನಿಲದಲ್ಲಿ, ಯುರೇನಿಯಂ ಸಾವಿರಾರು ಬೆಳಕಿನ ಗೆರೆ ಬಿಡುತ್ತದೆ, ಅದರ ನಡುವೆ ನಿನ್ನ ಲೋಹ ಹುಡುಕುವುದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. 4ರಿಂದ 6 ಮೋಲಾರ್ ನೈಟ್ರಿಕ್ ಆಸಿಡ್‌ನಲ್ಲಿ ಸ್ಯಾಂಪಲ್ ಇಟ್ಟು, ಡೋಡೆಕೇನ್‌ನಲ್ಲಿ (ಸೀಮೆಎಣ್ಣೆಯಂಥ ದ್ರವ) ಬೆರೆಸಿದ ಟಿಬಿಪಿ, ಅಂದರೆ ಯುರೇನಿಯಂ ಎಳೆದುಕೊಳ್ಳುವ ಟ್ರೈಬ್ಯುಟೈಲ್ ಫಾಸ್ಫೇಟ್, ಹಾಕಿ ಕುಲುಕು. ಯುರೇನಿಯಂ ಟಿಬಿಪಿ ಕಡೆ ಹೋಗುತ್ತದೆ, ನಿನ್ನ ಮೂರು ಕ್ಷಾರ ಲೋಹಗಳು ಆಸಿಡ್‌ನಲ್ಲೇ ಉಳಿಯುತ್ತವೆ. ಹಳದಿ ಬಣ್ಣ ಮೇಲಿನ ಪದರಕ್ಕೆ ಏರುವುದು ಕಣ್ಣಿಗೇ ಕಾಣುತ್ತದೆ. ಕೆಳಗೆ ತಿಳಿಯಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡ, ಹೊಸ ಟಿಬಿಪಿಯಿಂದ ಇನ್ನೆರಡು ಸಲ ಮಾಡು. ಕೊನೆಗೆ ಆ ಆಸಿಡ್ ಪದರವನ್ನು ಬರೀ ಡೋಡೆಕೇನ್‌ನಿಂದ ತೊಳೆ, ಇಲ್ಲವಾದರೆ ಆಸಿಡ್‌ನಲ್ಲಿ ಉಳಿದ ಟಿಬಿಪಿ ಅಳೆಯುವಾಗ ಕಾಟ ಕೊಡುತ್ತದೆ.

ಬೀದರ್_ಕೋಟೆ:
ಸೋಡಿಯಂ ಬಗ್ಗೆ ಹೇಳುತ್ತೇನೆ. ಟಿಬಿಪಿಯನ್ನು ಹೇಗೆ ಶುದ್ಧ ಮಾಡುತ್ತೀರಿ? ಎಲ್ಲರೂ ಮಾಡುವುದು ಸೋಡಿಯಂ ಕಾರ್ಬೊನೇಟ್ ಹಾಕಿ, ಅಲ್ವಾ? ಬೇರೆ ಕೆಲಸಕ್ಕೆ ಅದು ನಡೆಯುತ್ತದೆ. ಇಲ್ಲಿ ಮಾತ್ರ ಆಮೇಲೆ ನೀರು, ನೈಟ್ರಿಕ್ ಆಸಿಡ್ ಎರಡರಲ್ಲೂ ಚೆನ್ನಾಗಿ ತೊಳೆಯಬೇಕು. ಎರಡನೆಯದು ಗಾಜು. ಬೋರೋಸಿಲಿಕೇಟ್‌ನಲ್ಲೂ ಸೋಡಿಯಂ ಇದೆ, ಆಸಿಡ್ ತುಂಬಿಸಿ ರಾತ್ರಿಯೆಲ್ಲ ಇಟ್ಟರೆ ಸ್ವಲ್ಪ ಸ್ವಲ್ಪ ಬಿಡುತ್ತದೆ. ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್ ಪಾತ್ರೆ ಬಳಸಿ. ನಮ್ಮ ಕಡೆ ಬೇಸಿಗೆಯಲ್ಲಿ ಬೆವರು ಬೇರೆ, ಗ್ಲೌಸ್ ಇಲ್ಲದೆ ಮುಚ್ಚಳ ಮುಟ್ಟಲೇಬೇಡಿ. ಈ ಯಾವುದರಲ್ಲೂ ಲಿಥಿಯಂ ಅಷ್ಟಾಗಿ ಇರುವುದಿಲ್ಲ, ಅದಕ್ಕೇ ಅದು ಸರಿ ಬರುತ್ತಿದೆ.

ತೊಗರಿಕಣಜ_ಎಂಎಸ್ಸಿ:
ಥ್ಯಾಂಕ್ಸ್ ಇಬ್ಬರಿಗೂ. ಅಳೆಯಲು ಫ್ಲೇಮ್ ಫೋಟೋಮೀಟರ್ ಸಾಕಾ? ಮಣ್ಣಿನ ಪರೀಕ್ಷೆಯಲ್ಲಿ ಪೊಟ್ಯಾಶ್ ನೋಡುತ್ತಾರಲ್ಲ, ಅಂಥದ್ದು ನಮ್ಮಲ್ಲಿದೆ.

ಹಳೇ_ಕೆಮಿಸ್ಟ್:
ಕೈ ಕೂರಲು ಸಾಕು. ತೀರಾ ಕಡಿಮೆ ಇದ್ದರೆ ಎಎಎಸ್ (ಅಟಾಮಿಕ್ ಅಬ್ಸಾರ್ಪ್ಷನ್) ಯಂತ್ರವನ್ನು ಎಮಿಷನ್‌ಗೆ, ಅಂದರೆ ಜ್ವಾಲೆಯಲ್ಲಿ ಲೋಹ ಬಿಡುವ ಬೆಳಕು ಅಳೆಯಲು, ಹಾಕು: ಸೋಡಿಯಂ 589, ಲಿಥಿಯಂ 670.8, ಪೊಟ್ಯಾಶಿಯಂ 766.5 ನ್ಯಾನೋಮೀಟರ್. ಅಸಿಟಿಲೀನ್ ಜ್ವಾಲೆಯಲ್ಲಿ ಪೊಟ್ಯಾಶಿಯಂ ಅಯಾನ್ ಆಗಿ ಸಿಗ್ನಲ್ ಬೀಳುತ್ತದೆ, ಹಾಗಾಗಿ ಸ್ಯಾಂಪಲ್, ಸ್ಟಾಂಡರ್ಡ್, ಬ್ಲಾಂಕ್ ಎಲ್ಲಕ್ಕೂ ಒಂದೇ ಪ್ರಮಾಣದ ಸೀಸಿಯಂ ಸೇರಿಸು, ಅದು ಸುಲಭವಾಗಿ ಅಯಾನ್ ಆಗಿ ಪೊಟ್ಯಾಶಿಯಂ ಅಯಾನ್ ಆಗುವುದನ್ನು ತಡೆಯುತ್ತದೆ. ಅಗ್ಗದ ಸೀಸಿಯಂ ಕ್ಲೋರೈಡ್ ತರಬೇಡ, ಅದರಲ್ಲೇ ಪೊಟ್ಯಾಶಿಯಂ ಇರುತ್ತದೆ. ಮತ್ತೆ ಆ ಹಳದಿ ಟಿಬಿಪಿಯನ್ನು ಸಿಂಕಿಗೆ ಸುರಿಯಬೇಡ, ಲೇಬಲ್ ಹಚ್ಚಿ ಬೇರೆ ಡಬ್ಬಿಯಲ್ಲಿಡು.